ಟರ್ಬೋಚಾರ್ಜರೂ ನಿಯಮಕಾರರೂ

ಆಟಕ್ಕೆ ನಿಯಮವೇ ಪ್ರಾಣವೆಂಬುದು ಸರ್ವಸಮ್ಮತವಾದ ಮಾತು. ಆದರೆ ಆಟಗಾರನು ಅಣಿಯಾಗಿ ನಿಂತಮೇಲೆ ನಿಯಮವನ್ನು ತಿರುಗಿಸಿದರೆ ಆ ಪ್ರಾಣಕ್ಕೇ ಕೇಡು. ಹವ್ಯಾಸಿಗಳ ಮೋಟಾರು ಪಂದ್ಯಗಳಲ್ಲಿ ಟರ್ಬೋಚಾರ್ಜರನ್ನು ಕುರಿತು ಹೊರಡುವ ಹೊಸ ಕಟ್ಟಳೆಗಳನ್ನು ನೋಡಿದರೆ ಈ ಮಾತು ನೆನಪಿಗೆ ಬಾರದಿರದು.

ಟರ್ಬೋಚಾರ್ಜರೆಂಬುದು ಮಾಯಾಯಂತ್ರವೇನೂ ಅಲ್ಲ. ಎಂಜಿನಿನಿಂದ ವ್ಯರ್ಥವಾಗಿ ಹೊರಟುಹೋಗುವ ಬಿಸಿಹೊಗೆಯ ರಭಸಕ್ಕೆ ಒಂದು ಚಕ್ರವು ತಿರುಗುತ್ತದೆ. ಅದೇ ಅಚ್ಚಿನ ಮತ್ತೊಂದು ತುದಿಯ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಒಳಕ್ಕೆ ತುಂಬುತ್ತದೆ. ಗಾಳಿಯು ಹೆಚ್ಚಿದಷ್ಟೂ ಹೆಚ್ಚು ಇಂಧನವು ಉರಿದು ಬಲವು ಬೆಳೆಯುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬಾತನು 1905ರಲ್ಲಿಯೇ ಇದಕ್ಕೆ ಪೇಟೆಂಟನ್ನು ಪಡೆದನು.

ಹೀಗೆ ಕಿರಿಯ ಎಂಜಿನು ಹಿರಿಯದರ ಸಮಕ್ಕೆ ನಿಲ್ಲುವುದರಿಂದ, ಗಾತ್ರವೊಂದನ್ನೇ ಅಳೆದು ವರ್ಗಮಾಡುವುದು ನ್ಯಾಯವಲ್ಲ. ಆದುದರಿಂದ ಗಾತ್ರವನ್ನು ಒಂದು ಗುಣಕದಿಂದ ಹೆಚ್ಚಿಸಿ ಎಣಿಸುವುದೂ, ತೂಕವನ್ನು ಹೇರುವುದೂ, ಗಾಳಿಯ ದ್ವಾರವನ್ನು ಕಿರಿದುಮಾಡುವುದೂ ರೂಢಿಯಲ್ಲಿವೆ. ಇವು ಯುಕ್ತವೇ. ಆಕ್ಷೇಪಣೆಯಿರುವುದು ಏಕಾಏಕಿ ಬಹಿಷ್ಕರಿಸುವ ವಿಧಿಗೆ. ಅದು ನೆಗಡಿಯಾಯಿತೆಂದು ಮೂಗನ್ನೇ ಕೊಯ್ದಂತೆ.

ಖರ್ಚು ತಗ್ಗಿ ಬಡವನಿಗೂ ಗೆಲವು ದೊರೆಯುವುದೆಂದು ಬಹಿಷ್ಕಾರದ ಪಕ್ಷದವರು ಹೇಳುವರು. ವೃತ್ತಿಪರರ ಫಾರ್ಮುಲಾ ಒಂದರ ಚರಿತ್ರೆಯು ಇದಕ್ಕೆ ಸಾಕ್ಷಿ ನುಡಿಯದು. ಅಲ್ಲಿಗೆ 1977ರಲ್ಲಿ ರೆನೋ ಕಂಪನಿಯು ಟರ್ಬೋವನ್ನು ತಂದಿತು. 1988ರಲ್ಲಿ ಗಾಳಿಯ ಒತ್ತಡವನ್ನು 2.5 ಬಾರಿಗೂ ಇಂಧನವನ್ನು 150 ಲೀಟರಿಗೂ ಮಿತಗೊಳಿಸಿದರು. ಆದರೂ ಟರ್ಬೋ ಕಟ್ಟಿದ ಮೆಕ್ಲಾರೆನ್ ತಂಡವು 16 ಪಂದ್ಯಗಳಲ್ಲಿ 15ನ್ನು ಗೆದ್ದಿತು. 1989ರಲ್ಲಿ ಟರ್ಬೋವನ್ನೇ ನಿಷೇಧಿಸಿದರು. ಆ ವರ್ಷವೂ ಅದೇ ತಂಡವು 16ರಲ್ಲಿ 10ನ್ನು ಗೆದ್ದಿತು. ಸಿರಿವಂತನು ಹೊಸ ನಿಯಮಕ್ಕೆ ಹೊಸ ಎಂಜಿನನ್ನು ಮಾಡಿಸಬಲ್ಲನು. ಹವ್ಯಾಸಿಯ ಗತಿಯೇನು?

ಅವನು ಹಗಲೆಲ್ಲ ಪರರ ಕೆಲಸದಲ್ಲಿದ್ದು, ಇರುಳಿನಲ್ಲಿಯೂ ಭಾನುವಾರಗಳಲ್ಲಿಯೂ ತನ್ನ ಕೈಯಿಂದಲೇ ಬಂಡಿಯನ್ನು ಕಟ್ಟಿಕೊಂಡವನು. ಮಗುವಿನ ಬಟ್ಟೆಗೆ ಆಗಬಹುದಾಗಿದ್ದ ಹಣವೂ ಅದರಲ್ಲಿ ಸೇರಿರುವುದುಂಟು. ಈಗಂತೂ ಸಂಸಾರಸ್ಥರು ಕೊಳ್ಳುವ ಎಷ್ಟೋ ಸಣ್ಣ ಕಾರುಗಳು ಕಾರ್ಖಾನೆಯಿಂದಲೇ ಟರ್ಬೋ ಸಹಿತವಾಗಿ ಬರುತ್ತವೆ. ಬಡವನ ಕೈಗೆ ಸುಲಭವಾಗಿ ಎಟುಕಿದ ಸಾಧನವನ್ನು ಭೋಗವಸ್ತುವೆಂದು ಕರೆದು ಕಿತ್ತುಕೊಳ್ಳುವುದು ಯಾವ ಧರ್ಮ?

ವಿಶೇಷವಿಧಿಯು ಸಾಮಾನ್ಯವಿಧಿಯನ್ನು ಬಾಧಿಸುವುದೆಂದು ವೈಯಾಕರಣರು ಒಪ್ಪುವರು. ಆದರೆ ಅಪವಾದವು ತನ್ನ ಎಲ್ಲೆಯನ್ನು ಮೀರಿ ಹರಿಯಲು ಅವರು ಬಿಡರು. ಪಂದ್ಯದ ನಿಯಮಕಾರರೂ ಅಷ್ಟು ವಿವೇಕವನ್ನು ತೋರಬೇಕು. ಅಳತೆಯಿಂದ ತಿದ್ದಬಹುದಾದುದನ್ನು ಅಳತೆಯಿಂದಲೇ ತಿದ್ದಲಿ. ಬದಲಾವಣೆಯನ್ನು ಒಂದು ವರ್ಷ ಮೊದಲೇ ಸಾರಲಿ. ಕಟ್ಟಿ ಮುಗಿಸಿದ ಬಂಡಿಗಳಿಗೆ ಕೆಲಕಾಲ ಎಡೆಗೊಡಲಿ. ಸೋಲನ್ನು ಹವ್ಯಾಸಿಯು ನಗುತ್ತ ತಾಳಿಕೊಂಡಾನು. ಓಡುವುದಕ್ಕೆ ಮೊದಲೇ ಮನೆಗೆ ಹಿಂದಿರುಗೆಂಬ ಮಾತನ್ನು ತಾಳಲಾರನು.