ಕೂಡಲಸಂಗಮದ ಕಾದ ಹಾಸುಗಲ್ಲು

ಕೃಷ್ಣಾ-ಮಲಪ್ರಭೆಯರು ಕೂಡುವ ಕೂಡಲಸಂಗಮಕ್ಕೆ ನಾವು ತಾಯಿಯವರನ್ನು ಕರೆದೊಯ್ದದ್ದು 2014ರ ಏಪ್ರಿಲಿನಲ್ಲಿ. ಬಾಗಲಕೋಟೆಯಿಂದ ಹೊರಡುವುದು ತಡವಾಗಿ, ಸಂಗಮನಾಥನ ಗುಡಿ ಸೇರುವಾಗ ಸೂರ್ಯನು ನೆತ್ತಿಯ ಮೇಲಿದ್ದನು. ಪಾದರಕ್ಷೆ ಕಳಚಿಟ್ಟು ಕಾದ ಹಾಸುಗಲ್ಲನ್ನು ನಾವು ಓಡೋಡಿ ದಾಟಿದೆವು. ತಾಯಿಯವರು ಮಾತ್ರ ನಿಧಾನವಾಗಿ ನಡೆದು ಬಂದರು. ಅದನ್ನು ಅವರ ಭಕ್ತಿಯೆಂದೇ ತಿಳಿದೆವು. ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ರಕ್ಷಿಸಲು ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿರುವ ಬಸವಣ್ಣನವರ ಐಕ್ಯಮಂಟಪಕ್ಕೆ ಅಷ್ಟೂ ಮೆಟ್ಟಿಲಿಳಿದು, ಬಹಳ ಹೊತ್ತು ಕುಳಿತರು. ಆ ಮುಖದ ನೆಮ್ಮದಿ ಇಂದಿಗೂ ನಮ್ಮ ಕಣ್ಣಮುಂದಿದೆ.

ರಾತ್ರಿ ಬಿಡಾರದಲ್ಲಿ ನೋಡಿದರೆ ಎರಡೂ ಅಂಗಾಲುಗಳಲ್ಲಿ ಬೊಬ್ಬೆಗಳೆದ್ದಿದ್ದವು! ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಕುಂದಿ, ಸುಟ್ಟರೂ ತಿಳಿಯದಂತಾಗಿತ್ತು. ಗಾಯ ಮಾಯಲು ಎರಡು ತಿಂಗಳು ಹಿಡಿಯಿತು.

ಇಂಥ ಹಿರಿಯರಿರುವ ಮನೆಯವರು ಬಿಸಿಲೇರುವ ಮುನ್ನವೇ ದರ್ಶನ ಮುಗಿಸಬೇಕು. ದಪ್ಪನೆಯ ಹತ್ತಿಯ ಕಾಲುಚೀಲ ತೊಡಿಸಿರಿ. ಯಾತ್ರೆಯಿರಲಿ, ಮನೆಯಿರಲಿ, ರಾತ್ರಿ ಮಲಗುವ ಮುನ್ನ ಅಂಗಾಲನ್ನು ನೋಡಿರಿ. ಸ್ನಾನದ ನೀರಿನ ಹದವನ್ನು ಬೇರೆಯವರೇ ಕೈಯಿಟ್ಟು ನೋಡಬೇಕು. ಬೊಬ್ಬೆಯೆದ್ದರೆ ಒಡೆಯದೆ ವೈದ್ಯರಿಗೆ ತೋರಿಸುವುದು.

ಮರುವರ್ಷ ಬೆಳಗಿನ ಆರು ಗಂಟೆಗೇ ಸಂಗಮದಲ್ಲಿದ್ದೆವು. ಕಾಲುಚೀಲಕ್ಕೆ ತಾಯಿಯವರು ಸಂಕೋಚಪಟ್ಟರು. ನಾವೂ ಒಂದೊಂದು ಜೊತೆ ತೊಟ್ಟ ಮೇಲೆ ನಕ್ಕು ಒಪ್ಪಿಕೊಂಡರು.