ಕೀಳುವ ಮಾತು ಬೇಡ

ಹಾಲುಹಲ್ಲು ಬಿದ್ದರೆ ಸಗಣಿ ಉಂಡೆಯೊಳಗಿಟ್ಟು, ಮೇಲೊಂದು ಗರಿಕೆ ಸಿಕ್ಕಿಸಿ ಮಾಡಿನ ಮೇಲೆ ಎಸೆಯುವುದು ನಮ್ಮ ಹಳ್ಳಿಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಹಾಗೆ ಎಸೆದರೆ ಹೊಸ ಹಲ್ಲು ಬೇಗ ಬರುತ್ತದೆಂದು ಅಜ್ಜಿಯಂದಿರ ಭರವಸೆ. ಹೊಸದು ಬಂದೇ ಬರುತ್ತಿದ್ದುದರಿಂದ ಹಳೆಯದರ ಗೊಡವೆ ಯಾರಿಗೂ ಇರಲಿಲ್ಲ. ಆದರೆ ಸಾಂಗ್‌ಟಾವೊ ಶಿ ಎಂಬ ದಂತವಿಜ್ಞಾನಿ ಅಮೆರಿಕದಲ್ಲಿದ್ದಾಗ ಅವರ ಪುಟ್ಟ ಮಗಳ ಹಲ್ಲು ಬಿತ್ತು. ಎತ್ತಿ ನೋಡಿದರೆ ಒಳಗೆ ಇನ್ನೂ ಕೆಂಪಗೆ ತಿರುಳು ಕಾಣುತ್ತಿತ್ತು. ಕುತೂಹಲ ತಡೆಯದೆ ಆ ತಿರುಳಿನ ಬೆನ್ನು ಹತ್ತಿದರು. ಬಿದ್ದ ಹಾಲುಹಲ್ಲಿನ ತಿರುಳಿನಲ್ಲಿ, ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳು ಜೀವಂತವಾಗಿರುತ್ತವೆ ಎಂದು ಅವರ ತಂಡ 2003ರಲ್ಲಿ ಪ್ರಕಟಿಸಿತು. ನಾವು ಮಾಡಿಗೆ ಎಸೆದದ್ದರಲ್ಲಿ ಅಷ್ಟು ಜೀವ ಇತ್ತು!

ಮೊಸಳೆಗೆ ಹಲ್ಲು ಬಿದ್ದ ಹಾಗೆಲ್ಲ ಹೊಸದು ಬರುತ್ತದೆ. ಮನುಷ್ಯನಿಗೆ ಎರಡೇ ಸರದಿ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಹುಟ್ಟಿದ್ದೇ ಈ ಕೊರತೆಯಿಂದ. ಜಪಾನಿನ ದಂತವಿಜ್ಞಾನಿ ಕಟ್ಸು ತಕಹಾಶಿ ಮೂರನೆಯ ಸರದಿಯನ್ನು ಹುಡುಕುತ್ತ ವರ್ಷಗಟ್ಟಲೆ ದುಡಿದಿದ್ದಾರೆ. ಹಲ್ಲಿನ ಮೊಳಕೆಯನ್ನು ತಡೆದು ನಿಲ್ಲಿಸುವ ಒಂದು ಪ್ರೋಟೀನ್ ನಮ್ಮ ಮೈಯಲ್ಲಿದೆ. ಅದರ ಕೈ ಕಟ್ಟಿಹಾಕುವ ಔಷಧ ಕೊಟ್ಟಾಗ ಇಲಿಗಳಲ್ಲೂ ಫೆರೆಟ್ ಎಂಬ ಪ್ರಾಣಿಯಲ್ಲೂ ಹೊಸ ಹಲ್ಲು ಮೂಡಿತು. 2024ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮನುಷ್ಯರ ಮೇಲೆ ಮೊದಲ ಹಂತದ ಪ್ರಯೋಗ ಶುರುವಾಯಿತು. ಈ ಹಂತದಲ್ಲಿ ನೋಡುವುದು ಔಷಧ ಸುರಕ್ಷಿತವೇ ಎಂಬುದನ್ನು. ಹುಟ್ಟಿನಿಂದಲೇ ಹಲವು ಹಲ್ಲು ಬಾರದ ಮಕ್ಕಳಿಗೆ ಇದು ಮೊದಲು ಸಿಗಬೇಕೆಂಬುದು ತಕಹಾಶಿಯವರ ಆಸೆ. ಆ ಆಸೆಯೇ ನನಗೆ ಇಡೀ ಕೆಲಸದಲ್ಲಿ ಹೆಚ್ಚು ಇಷ್ಟವಾದದ್ದು.

ಇದೆಲ್ಲ ನಾಳೆಯ ಮಾತಾಯಿತು. ಇನ್ನು ಹಿಂದಕ್ಕೆ ಹೋದರೆ ಎಲ್ಲಿಗೆ ಹೋಗಿ ನಿಲ್ಲುತ್ತೇವೆ ಗೊತ್ತೇ? ಬಲೂಚಿಸ್ತಾನದ ಮೆಹರ್‌ಗಢಕ್ಕೆ. ಅಲ್ಲಿನ ಹಳೆಯ ಸಮಾಧಿಗಳಲ್ಲಿ ಒಂಬತ್ತು ಜನರ ಹನ್ನೊಂದು ದವಡೆ ಹಲ್ಲುಗಳಲ್ಲಿ ಬೈರಿಗೆಯಿಂದ ಕೊರೆದ ತೂತುಗಳಿದ್ದವು. ಕೊರೆದದ್ದು 7,500ರಿಂದ 9,000 ವರ್ಷಗಳ ಹಿಂದೆ, ಚಕಮಕಿ ಕಲ್ಲಿನ ಮೊನೆಯಿಂದ. ತೂತಿನ ಅಂಚುಗಳು ಜಗಿದು ಜಗಿದು ಸವೆದಿದ್ದವು. ಅಂದರೆ ಕೊರೆಸಿಕೊಂಡವರು ಆಮೇಲೂ ಬದುಕಿ ಉಂಡಿದ್ದಾರೆ. ಅಂದಿನಿಂದ ಇಂದಿನವರೆಗೂ ಹುಳುಕು ಹಲ್ಲೆಂದರೆ ಕೊರೆಯುವುದು, ಇಲ್ಲವೇ ಕೀಳುವುದು. ಮಂತ್ರ ಹಾಕಿ ಹಲ್ಲುಹುಳ ತೆಗೆಯುತ್ತೇವೆ ಎನ್ನುವವರ ಮುಂದೆ ಬಾಯಿ ತೆರೆದು ಕೂತವರಿಗೂ ನಮ್ಮಲ್ಲಿ ಲೆಕ್ಕವಿಲ್ಲ.

ಈಗ ಸಂಶೋಧನೆಯ ಗಾಳಿ ಬೇರೆ ದಿಕ್ಕಿಗೆ ತಿರುಗಿದೆ: ಆದಷ್ಟೂ ಕೊರೆಯಬೇಡಿ, ಇರುವ ಹಲ್ಲನ್ನು ಇರುವಲ್ಲೇ ಉಳಿಸಿ. ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಮಕ್ಕಳ ಹುಳುಕು ದವಡೆ ಹಲ್ಲಿಗೆ ಸೂಜಿಯಿಲ್ಲದೆ, ಕೊರೆಯದೆ, ಸ್ಟೀಲ್ ಕ್ಯಾಪನ್ನು ಹಾಗೇ ಒತ್ತಿ ಕೂರಿಸುತ್ತಿದ್ದರು. ಹುಳುಕು ಒಳಗೇ ಉಳಿದರೆ ಗತಿಯೇನು ಎಂದು ಬೇರೆ ವೈದ್ಯರು ಹುಬ್ಬೇರಿಸಿದರು. ಆದರೆ ಕ್ಯಾಪಿನ ಕೆಳಗೆ ಸಿಹಿ ಸಿಗದೆ ರೋಗಾಣುಗಳು ಸೊರಗುತ್ತವೆ, ಹುಳುಕು ಮುಂದುವರಿಯುವುದಿಲ್ಲ. ಡಂಡೀ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ ಈ ಹಲ್ಲುಗಳು ಮಾಮೂಲಿ ಫಿಲ್ಲಿಂಗ್ ಮಾಡಿದವುಗಳಿಗಿಂತ ಚೆನ್ನಾಗಿ ಬಾಳಿದ್ದವು.

ಅದಕ್ಕಿಂತಲೂ ಸುಲಭವಾದದ್ದು ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವ. ಹೆಸರು ಉದ್ದ, ಕೆಲಸ ಚುಟುಕು. ತುಟಿಗೆ ವ್ಯಾಸಲೀನ್ ಸವರಿ, ಹಲ್ಲನ್ನು ಹತ್ತಿಯಿಂದ ಒರೆಸಿ ಒಣಗಿಸಿ, ಪುಟ್ಟ ಬ್ರಷ್ಷಿನ ತುದಿಯಲ್ಲಿ ಒಂದು ಹನಿಯನ್ನು ಹುಳುಕಿನ ಮೇಲೆ ನಿಮಿಷದಷ್ಟು ಹೊತ್ತು ತಿಕ್ಕಿದರೆ ಮುಗಿಯಿತು. ಬೆಳ್ಳಿ ರೋಗಾಣುಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುತ್ತದೆ. ಹುಳುಕಾದ ಜಾಗ ಕಪ್ಪಗಾಗುತ್ತದೆ ಎಂಬುದೊಂದೇ ದೊಡ್ಡ ಕುಂದು. ನರದವರೆಗೆ ಹೋದ ಹುಳುಕಿಗೆ ಇದು ಆಗಿಬರುವುದಿಲ್ಲ. ಕುರ್ಚಿ ಕಂಡರೇ ಕಿರುಚುವ ಮಗುವಿಗೆ, ಕರೆಂಟಿಲ್ಲದ ಶಾಲೆಯ ಜಗಲಿಯಲ್ಲೂ ಮಾಡಬಹುದಾದ ಚಿಕಿತ್ಸೆ ಇದು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ನಮ್ಮ ಬೆಂಗಳೂರಿನ ಸುದ್ದಿ ಬಿಟ್ಟರೆ ಹೇಗೆ? ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದಲ್ಲ, ಅದಕ್ಕೆ ಕಾರಣ ಮೇಲಿನ ಗಟ್ಟಿ ಪದರ ಸವೆದು, ಒಳಗೆ ನರದ ಕಡೆಗೆ ಹೋಗುವ ಕೂದಲಿಗಿಂತ ಸಣ್ಣ ಕೊಳವೆಗಳ ಬಾಯಿ ತೆರೆದುಕೊಳ್ಳುವುದು. ಟೂತ್‌ಪೇಸ್ಟ್ ಮುಚ್ಚುವುದು ಮೇಲಿನ ಬಾಯನ್ನಷ್ಟೇ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಲ್ಲೇ ಹುಟ್ಟಿದ ಥೆರಾನಾಟಿಲಸ್ ಕಂಪನಿಯವರ ಜೊತೆ ಸೇರಿ ಒಂದು ಸೂಕ್ಷ್ಮ ಕಣ ಮಾಡಿದ್ದಾರೆ. ಗಾತ್ರ ಸುಮಾರು 400 ನ್ಯಾನೋಮೀಟರ್. ಹೊರಗಿನಿಂದ ಅಯಸ್ಕಾಂತದ ಬಲ ಕೊಟ್ಟರೆ ಈ ಕಣಗಳು ಕೊಳವೆಯ ಆಳಕ್ಕೆ ಇಳಿದು, ಒಂದಕ್ಕೊಂದು ಬೆಸೆದುಕೊಂಡು ಒಳಗಿನಿಂದಲೇ ಮುಚ್ಚುತ್ತವೆ. ಮನುಷ್ಯರ ಕಿತ್ತ ಹಲ್ಲುಗಳಲ್ಲಿ ನೋಡಿದ್ದಾರೆ, ಇಲಿಗಳಲ್ಲಿ ನೋಡಿದ್ದಾರೆ. ಜುಮ್ಮೆಂದು ತಣ್ಣೀರು ಬಿಟ್ಟಿದ್ದ ಇಲಿಗಳು ಮತ್ತೆ ಕುಡಿದವು. ಮನುಷ್ಯರ ಬಾಯಿಗೆ ಬರುವುದಿನ್ನೂ ಬಾಕಿ.

ಮೊಳೆಯುವ ಹಲ್ಲು, ಆಳಕ್ಕಿಳಿಯುವ ಕಣ ಎರಡೂ ಬರಲಿ. ಆದರೆ ಪಟ್ಟು ಹಿಡಿದು ಕೇಳಬೇಕಾದದ್ದು ಸಿಲ್ವರ್ ಡೈಅಮೈನ್ ಫ್ಲೋರೈಡಿನ ಆ ಒಂದು ಹನಿಯನ್ನು ಎಂದು ನನ್ನ ನಂಬಿಕೆ. ಅದರ ಪರೀಕ್ಷೆ ಮುಗಿದಿದೆ, ಬೆಲೆಯೂ ಕಡಿಮೆ. "ಹೆಂಗೂ ಬೀಳೋ ಹಲ್ಲು ತಾನೆ" ಎಂದು ಮಗುವಿನ ಹುಳುಕನ್ನು ಕಡೆಗಣಿಸುವುದು ನಮ್ಮ ಮನೆಮನೆಯ ಮಾತು. ಹಾಲುಹಲ್ಲು ಹೊತ್ತಿಗೆ ಮುಂಚೆ ಹೋದರೆ ಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲುತ್ತವೆ, ಮುಂದೆ ಬರುವ ಗಟ್ಟಿಹಲ್ಲು ಸೊಟ್ಟಗೆ ಹೊರಡುತ್ತದೆ. ಮಗುವಿಗೆ ವರ್ಷ ತುಂಬುವುದರೊಳಗೆ ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಹುಳುಕು ಕಂಡರೆ, ಕೀಳುವ ಮಾತಿಗೆ ಮೊದಲು ಉಳಿಸುವ ದಾರಿ ಏನಿದೆ ಎಂದು ಕೇಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ಆ ಹನಿ ಔಷಧ ಇಲ್ಲದಿದ್ದರೆ ತರಿಸಿಕೊಡಿ ಎಂದು ಒತ್ತಾಯಿಸಿ.