ಹಾಲು ಒಲ್ಲದ ಬೆಕ್ಕು

ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ಅತ್ತಿಗೆ ಒಂದು ಸೀರೆಯ ಸೆರಗನ್ನು ಹೆಗಲಿಗೆ ಹಾಕಿಕೊಂಡು, "ಈ ಬಣ್ಣಕ್ಕೆ ಏನಂತಾರೆ?" ಎಂದರು. ಅಂಗಡಿಯವರು "ರಾಣಿ ಪಿಂಕ್" ಎನ್ನುವುದರೊಳಗೆ ನನ್ನ ಬಾಯಿಂದ "ಮ್ಯಾಕಾಂಕಿ" ಎಂದು ಬಂದುಬಿಟ್ಟಿತ್ತು. ಅದು ಎಲ್ಲಿಯದು ಎಂದು ಅತ್ತಿಗೆ ಕುತೂಹಲದಿಂದ ಕೇಳಿದರು. ಭೇದಿ ಪರೀಕ್ಷೆ ಮಾಡುವ ಲ್ಯಾಬಿನದು ಎಂದಿದ್ದರೆ ಸೀರೆಯ ಗತಿ ಅಲ್ಲಿಗೆ ಮುಗಿಯುತ್ತಿತ್ತು. "ಇಂಗ್ಲೆಂಡಿನದು" ಎಂದೆ. ಸುಳ್ಳೇನಲ್ಲ.

ಊರ ಕೊಚ್ಚೆಯನ್ನು ಏನು ಮಾಡುವುದೆಂದು ಯೋಚಿಸಲು ಅಲ್ಲಿ 1898ರಲ್ಲಿ ಒಂದು ರಾಯಲ್ ಕಮಿಷನ್ ನೇಮಕವಾಯಿತು. ಅದಕ್ಕಾಗಿ ದುಡಿದವರಲ್ಲಿ ಆಲ್ಫ್ರೆಡ್ ಮ್ಯಾಕಾಂಕಿ ಒಬ್ಬರು. ಕೊಚ್ಚೆಯಲ್ಲಿ ನೂರೆಂಟು ಬಗೆಯ ಬ್ಯಾಕ್ಟೀರಿಯಾ. ಅವರಿಗೆ ಬೇಕಾದದ್ದು ಕರುಳಿನಿಂದ ಬಂದವು. ಕರುಳಲ್ಲಿ ಬಾಳುವವಕ್ಕೆ ಪಿತ್ತ ರೂಢಿ, ಉಳಿದ ಬಹಳಷ್ಟಕ್ಕೆ ಅದು ಆಗದು. ಬ್ಯಾಕ್ಟೀರಿಯಾ ಬೆಳೆಸಲು ಪ್ಲೇಟಿಗೆ ಸುರಿಯುವ ಅಗರ್‌ಗೆ ಪಿತ್ತದ ಲವಣವನ್ನೇ ಬೆರೆಸಿದರು. ಜೊತೆಗೆ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಇ. ಕೋಲೈ ಅದನ್ನು ಹುಳಿ ಮಾಡುತ್ತದೆ. ಟೈಫಾಯ್ಡಿನದು ಮೂಸಿಯೂ ನೋಡುವುದಿಲ್ಲ. 1900ರಲ್ಲಿ ಇದನ್ನು ಪ್ರಕಟಿಸಿದರು.

ಆದರೆ ಅತ್ತಿಗೆ ಮೆಚ್ಚಿದ ಆ ಬಣ್ಣ ಅವರದಲ್ಲ! ಹುಳಿಯಲ್ಲಿ ಕೆಂಪಾಗುವ ನ್ಯೂಟ್ರಲ್ ರೆಡ್ ಹಾಕಿದ್ದು 1902ರಲ್ಲಿ ಗ್ರೂನ್‌ಬಾಮ್ ಮತ್ತು ಹ್ಯೂಮ್. ಈ ಗ್ರೂನ್‌ಬಾಮರನ್ನು ಕಂಡರೆ ನನಗೇಕೋ ಮರುಕ. ಬಣ್ಣ ಕೊಟ್ಟರೂ ಪ್ಲೇಟಿಗೆ ಅವರ ಹೆಸರಿಲ್ಲ. ಮೊದಲ ಮಹಾಯುದ್ಧ ಬಂದಾಗ ಆ ಜರ್ಮನ್ ಹೆಸರನ್ನೂ ಬಿಟ್ಟು ಲೇಟನ್ ಆದರು. ನರವಿಜ್ಞಾನಿ ಶೆರಿಂಗ್ಟನ್ ಜೊತೆ ವಾನರಗಳ ಮೆದುಳಿನ ಮೇಲೆ ಮಾಡಿದ ದೊಡ್ಡ ಕೆಲಸ 1917ರಲ್ಲಿ ಅಚ್ಚಾದದ್ದು ಆ ಹೊಸ ಹೆಸರಿನಲ್ಲೇ. ಹೀಗೆ ಹಳೆಯ ಗ್ರೂನ್‌ಬಾಮ್ ಗುಲಾಬಿಯಲ್ಲಿ ಕರಗಿಹೋದರು. ಇಷ್ಟೆಲ್ಲ ಸೀರೆ ಅಂಗಡಿಯಲ್ಲಿ ಯಾರಿಗೆ ಹೇಳುವುದು?

ನಮ್ಮ ಲ್ಯಾಬಿನಲ್ಲಿ ಬೆಳಿಗ್ಗೆಯ ಮೊದಲ ಕೆಲಸ ಪ್ಲೇಟ್ ಓದುವುದು. ಹಿಂದಿನ ದಿನ ಲೂಪಿನಿಂದ ಗೀರೆಳೆದು 37 ಡಿಗ್ರಿಯಲ್ಲಿ ಇಟ್ಟ ಪ್ಲೇಟುಗಳನ್ನು ಹಿರಿಯ ಟೆಕ್ನಿಷಿಯನ್ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಗುಲಾಬಿ ಕಾಲೊನಿ ಎಲ್‌ಎಫ್, ಅಂದರೆ ಲ್ಯಾಕ್ಟೋಸ್ ಹುಳಿಸುವುದು; ಬಿಳಚಿಕೊಂಡದ್ದು ಎನ್‌ಎಲ್‌ಎಫ್, ಹುಳಿಸದ್ದು. ಭೇದಿಯ ಸ್ಯಾಂಪಲ್ಲಿನಲ್ಲಿ ಅವರ ಕಣ್ಣು ಹುಡುಕುತ್ತಿದ್ದದ್ದು ಬಿಳಚಿಕೊಂಡವನ್ನೇ. "ತೆನಾಲಿಯ ಬೆಕ್ಕು ಎಲ್ಲಿದೆ ನೋಡ್ರೀ" ಎನ್ನುವರು. ಸುಡುವ ಹಾಲು ಕುಡಿದು ಮತ್ತೆ ಹಾಲನ್ನೇ ಮುಟ್ಟದ ತೆನಾಲಿ ರಾಮಕೃಷ್ಣನ ಬೆಕ್ಕಿಗೆ ನಾಲಗೆ ಸುಟ್ಟ ನೆನಪಾದರೂ ಇತ್ತು. ಟೈಫಾಯ್ಡಿನದಕ್ಕೆ ಆ ಸಕ್ಕರೆ ಒಡೆಯುವ ಕಿಣ್ವವೇ ಇಲ್ಲ. ಹಾಗೆಂದು ಹಾಲು ಒಲ್ಲದ್ದೆಲ್ಲ ಟೈಫಾಯ್ಡಲ್ಲ. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾವೂ ಅದೇ ಜಾತಿ. ಅದನ್ನು ಬೇರ್ಪಡಿಸಲು ಯೂರಿಯೇಸ್ ಪರೀಕ್ಷೆ, ಮತ್ತೊಂದು ದಿನ.

ಅತ್ತಿಗೆಗೆ ಹೇಳಬಹುದಾಗಿದ್ದ ಒಳ್ಳೆಯ ಮಾತೊಂದಿತ್ತು: ಆ ಗುಲಾಬಿ ಹೆಚ್ಚಾಗಿ ಎಲ್ಲರ ಹೊಟ್ಟೆಯಲ್ಲೂ ಇರುವ ಸಾಧು ಇ. ಕೋಲೈಯದು. ಹೇಳಲಿಲ್ಲ. ಸೀರೆ ಬಿಲ್ ಆಯಿತು.

ಪ್ಲೇಟಿನ ಮೇಲೆ ಬಿಳಚಿಕೊಂಡವುಗಳಲ್ಲಿ ಎಲ್ಲಕ್ಕಿಂತ ತರಲೆಯದು ಆಮಶಂಕೆಯ ಶಿಗೆಲ್ಲಾ ಸಾನೈ. ಮೊದಲ ದಿನ ಲ್ಯಾಕ್ಟೋಸ್ ತನಗೆ ಸಂಬಂಧವೇ ಇಲ್ಲವೆಂಬಂತೆ ಬಿಳಚಿಕೊಂಡು ಕೂತಿರುತ್ತದೆ. ಪ್ಲೇಟನ್ನು ಇನ್ನೂ ಒಂದೆರಡು ದಿನ ಇನ್‌ಕ್ಯುಬೇಟರಿನಲ್ಲೇ ಬಿಟ್ಟರೆ ಮೆಲ್ಲಗೆ ಗುಲಾಬಿಗೆ ತಿರುಗುತ್ತದೆ. ಅದಕ್ಕೇ ನಮ್ಮ ಟೆಕ್ನಿಷಿಯನ್ ಓದಿ ಮುಗಿದ ಪ್ಲೇಟುಗಳನ್ನೂ ಬೇಗ ಆಟೋಕ್ಲೇವಿಗೆ ಹಾಕಲು ಬಿಡುತ್ತಿರಲಿಲ್ಲ. "ಇರಲಿ ಬಿಡ್ರೀ, ಹಾಲು ಇನ್ನೂ ಆರಿಲ್ಲ" ಎನ್ನುತ್ತಿದ್ದರು.